ಗೋಸೇವೆಗೆ ಹೊದಿಸಿದ ಶಾಲು

ಸ್ಯಾನ್ ಮಟಿಯೋ
31 ಆಗಸ್ಟ್ 2025

ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಇಂದುವಿನ ನಮಸ್ಕಾರ. ಕೃಷ್ಣಾಷ್ಟಮಿಯಿಂದ ಈಚೆಗೆ ನೀನು ನನ್ನ ಫೋನು ಎತ್ತುತ್ತಿಲ್ಲ. ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಡಬ್ಲಿನ್‌ಗೆ, ಅಣ್ಣನ ಮನೆಗೇ ನಾನು ಬಂದರೂ ನೀನು ದೇವರಮನೆ ಸೇರಿ ಜಪಕ್ಕೆ ಕೂರುತ್ತೀ. ಅದಕ್ಕೇ ಈ ಕಾಗದವನ್ನು ವಿಕಾಸಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಗ ಕೊಟ್ಟದ್ದನ್ನು ನೀನು ಬೇಡ ಎನ್ನುವವಳಲ್ಲವಲ್ಲ!

ಮಗಳು ದನಗಳ ಮೇಲೆ ಸಂಶೋಧನೆ ಮಾಡುತ್ತಾಳೆ ಎಂದು ಭಜನಾ ಮಂಡಳಿಯಲ್ಲಿ ಹೇಳಿಕೊಂಡವಳು ನೀನು. ಅದನ್ನು ಗೋಸೇವೆ ಮಾಡಿಬಿಟ್ಟವರು ಅವರು. ಅಷ್ಟಮಿಯ ದಿನ ನನಗೆ ಶಾಲು ಹೊದಿಸಿದ ಮಂಡಳಿಯ ಆನಂದತೀರ್ಥ ಮಾಮ, ಹಾಲು ಹೆಚ್ಚಿಸುವ ಕೆಲಸವೇನಮ್ಮಾ ಎಂದು ಮೈಕು ಕೊಟ್ಟರು. ಅಲ್ಲ ಮಾಮ, ಗೋಮಾಂಸದ ಕೊಬ್ಬಿನದು ಎಂದೆ. ಹೊದಿಸಿದ ಶಾಲನ್ನು ವಾಪಸು ಕೇಳುವುದೋ ಬಿಡುವುದೋ ತಿಳಿಯದೆ ಅವರು ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ. ಆದರೆ ನೀನು ಆರತಿ ತಟ್ಟೆ ಕೆಳಗಿಟ್ಟು ಹೊರಗೆ ಹೋದದ್ದು ನೆನೆದರೆ ಸಂಕಟವಾಗುತ್ತದೆ ಅಮ್ಮ.

ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದೆಯಂತೆ. ಯಾಕೆ ಹೇಳಲಿ? ಒಂದೇ ಮೇವು ತಿಂದ ಎರಡು ದನಗಳಲ್ಲಿ ಒಂದರ ಕೊಬ್ಬು ಬೆರಳಿನ ಬಿಸಿಗೇ ಕರಗುತ್ತದೆ, ಇನ್ನೊಂದರದು ಮೇಣದ ಹಾಗೆ ಗಟ್ಟಿ. ಕರಗುವುದರಲ್ಲಿ ಆಲಿವ್ ಎಣ್ಣೆಯಲ್ಲಿರುವಂಥದೇ ಆಮ್ಲ ಹೆಚ್ಚು. ಆ ವ್ಯತ್ಯಾಸದಲ್ಲಿ ತಂದೆತಾಯಿಯಿಂದ ಬಂದ ಪಾಲೆಷ್ಟು, ಅದು ಯಾವ ಜೀನಿನ ಕೆಲಸ ಎಂದು ನಾನು ಹುಡುಕುತ್ತೇನೆ. ತಿನ್ನುವವರು ತಿನ್ನುತ್ತಾರೆ; ಅವರ ತಟ್ಟೆಗೆ ಬೀಳುವ ಕೊಬ್ಬು ಎಂಥದೆಂದು ತಿಳಿಯುವುದು ಪಾಪವಲ್ಲ. ತುಪ್ಪವನ್ನು ಬೆರಳಲ್ಲಿ ಉಜ್ಜಿ, ಇದು ಹಸುವಿನದು ಇದು ಎಮ್ಮೆಯದು ಎನ್ನುತ್ತಿದ್ದವಳು ನೀನಲ್ಲವೇ? ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಹಟವೂ ಅಲ್ಲಿಂದಲೇ ಬಂದದ್ದು.

ಈ ಕೆಲಸ ಬಿಡುವುದಿಲ್ಲ. ನಿನ್ನನ್ನೂ ಬಿಡುವುದಿಲ್ಲ. ನಮ್ಮ ಮನೆಯೊಳಗೆ ಇದುವರೆಗೆ ಮೊಟ್ಟೆಯೂ ಬಂದಿಲ್ಲ. ಆದರೂ ನನ್ನ ಅಡುಗೆಮನೆ ಮೈಲಿಗೆ ಎನಿಸಿದರೆ ನಿನ್ನ ಪಾತ್ರೆ ನೀನೇ ತಂದು ಮಡಿಯಲ್ಲಿ ಮಾಡು, ನೀನು ಬಡಿಸುವವರೆಗೆ ನಾನು ಹೊರಗೆ ನಡುಮನೆಯಲ್ಲಿ ಕೂತು ಕಾಯುತ್ತೇನೆ. ಬರುವ ಶನಿವಾರ ಅಣ್ಣ ಕಾರು ತೆಗೆಯುತ್ತಾನೆ. ಅದರಲ್ಲಿ ನೀನಿರಬೇಕು.

ನಿನ್ನ ಹಟಮಾರಿ,
ಇಂದು

ತಾ.ಕ.: ಈಚೆಗೆ ಲ್ಯಾಬಿನಲ್ಲಿ ಕೊಬ್ಬಿನ ಡಬ್ಬಿ ತೆರೆದರೆ ಸಾಕು, ಓಡಿಹೋಗಿ ವಾಂತಿ ಮಾಡುತ್ತೇನೆ. ಕೃಷ್ಣ ಬುದ್ಧಿ ಕಲಿಸಿದನೆಂದು ಹಿಗ್ಗಬೇಡ, ಕಾಫಿ ವಾಸನೆಗೂ ಹಾಗೇ ಆಗುತ್ತಿದೆ. ನಿನ್ನ ಗೊಜ್ಜವಲಕ್ಕಿಯೊಂದೇ ಬೇಕೆನಿಸುತ್ತದೆ. ನಿನ್ನ ಅಳಿಯನಿಗೂ ಇನ್ನೂ ಹೇಳಿಲ್ಲ ಅಮ್ಮ. ಮೊದಲು ನಿನಗೇ.