ಗಂಟಲುಮಾರಿ ಹೊಕ್ಕ ಮನೆ

ಫೋರ್ಟ್ ಲ್ಯಾಥ್ರಪ್, ಅರಿಜೋನಾ ಸೀಮೆ
ಅಕ್ಟೋಬರ್ ೨, ೧೮೮೫

ಲವೀನಿಯಾಳಿಗೆ ಹನೋರಾ ಕ್ವಿಲ್ಟಿ ಮಾಡುವ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಗೆ ಲೇಖನಿ ಹಿಡಿಸಿದ್ದೀಯಲ್ಲ, ಅದಕ್ಕೆ ಮೊದಲು ನಿನ್ನನ್ನು ಬೈಯಬೇಕು. ಐರ್ಲೆಂಡಿನಲ್ಲಿ ಮೂರನೇ ಕ್ಲಾಸಿಗೇ ಬಿಡಿಸಿ ಆಲೂಗಡ್ಡೆ ಅಗೆಯಲು ಅಟ್ಟಿದರು. ಆಮೇಲೆ ಸಿಪಾಯಿಗಳ ಬಟ್ಟೆ ಒಗೆದೆ, ಈ ಆಸ್ಪತ್ರೆಯಲ್ಲಿ ರೋಗಿಗಳ ಗಲೀಜು ಬಳಿದೆ. ಬರೆದದ್ದು ಎಲ್ಲಿ ಬಂತು? ಪಾದ್ರಿಗೆ ಹೇಳಿ ಬರೆಸೋಣವೆಂದರೆ ಅವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನಿನ್ನ ಗಂಡನ ಕಾಗದಗಳಿಗೆ ನೀನು ಒಂದು ಸಾಲು ಉತ್ತರ ಹಾಕಿದ್ದರೆ ನನಗೆ ಈ ಪಾಡು ಇರಲಿಲ್ಲ. ಡಾಕ್ಟರ ಹೆಂಡತಿಯನ್ನು ‘ನೀನು’ ಅನ್ನಬಾರದೆಂದು ಗೊತ್ತು. ನಿನ್ನ ಬಾಣಂತನ ಮಾಡಿದವಳು ನಾನು, ಹಾಗೇ ಅನ್ನುತ್ತೇನೆ.

ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಕೊನೆಗೆ ಮೇಜರ್ ಪ್ರೂಡನ್ ಎಂಬುವವರು ಹೆಂಡತಿ, ಮೂರು ಮಕ್ಕಳ ಸಮೇತ ಇಲ್ಲಿಗೆ ವರ್ಗವಾಗಿ ಬರುತ್ತಿದ್ದಾರೆ. ನಿಮ್ಮ ಮನೆಯೇ ಬೇಕೆಂದು ಹೇಳಿ ಕಳಿಸಿದ್ದಾರೆ. ಪದವಿಯಲ್ಲಿ ಮೇಲಿನವನು ಬೆರಳು ತೋರಿಸಿದ ಮನೆಯನ್ನು ಕೆಳಗಿನವನು ಬಿಟ್ಟು ಏಳಬೇಕು. ಈ ಪದ್ಧತಿ ನಿನಗೆ ಹೊಸದಲ್ಲ. ನೀನು ಬಂದ ದಿನ ಒಬ್ಬ ಬಸುರಿಯನ್ನು ಡೇರೆಗೆ ಅಟ್ಟಿಯೇ ಆ ಮನೆ ಹೊಕ್ಕೆ.

ನಿನ್ನ ಮಗಳು ಎಫಿ ಕಣ್ಮುಚ್ಚಿದ್ದು ಆ ಮನೆಯ ಒಳಕೋಣೆಯಲ್ಲಿ. ಯಾವುದರಿಂದ ಅಂತ ನಿನಗೆ ಗೊತ್ತು, ಡಾಕ್ಟರಿಗೆ ಗೊತ್ತು, ಮಗುವಿನ ಬಾಯಿ ತೆರೆದು ಹಿಡಿದಿದ್ದ ನನಗೆ ಗೊತ್ತು. ಈ ರೋಗ ಹಾಸಿಗೆಯಲ್ಲಿ, ಗೋಡೆಯಲ್ಲಿ, ಸೂರಿನಲ್ಲಿ ಹೊಂಚಿ ಕೂರುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಸೋಮವಾರ ನನ್ನನ್ನೂ ಕರೆದುಕೊಂಡು ಕರ್ನಲ್ ಹ್ಯಾಸ್ಕಲ್ ಅವರ ಮುಂದೆ ನಿಂತು, ಆ ಮನೆ ಸುಟ್ಟುಬಿಡಿ ಎಂದರು.

ಕರ್ನಲ್ ನಕ್ಕರು. “ಏನ್ರೀ ಡಾಕ್ಟ್ರೇ, ಹೋದ ವರ್ಷ ಆ ಲೆಫ್ಟಿನೆಂಟು ಮನೆ ಬಿಡಬಾರದು ಅಂತ ಹೆಂಡ್ತಿಗೆ ಇಲ್ಲದ ಸಿಡುಬು ತರಿಸಿದ. ನೀವು ಗೋಡೆಗೇ ತರಿಸಿಬಿಟ್ರಾ?”

“ನನ್ನ ಮಗು ಹೋಗಿದ್ದು ಗಂಟಲುಮಾರಿಯಿಂದ. ಆವತ್ತು ನಿಮಗೆ ಸುಳ್ಳು ಹೇಳಿದೆ.”

ಕರ್ನಲ್ ಮುಖದ ನಗು ಇಳಿಯಿತು. “ಆವತ್ತು ‘ಹೃದಯ ನಿಂತುಹೋಯ್ತು’ ಅಂದಿದ್ದು ಎದೆ ಮೇಲೆ ಪದಕ ಇರೋ ಮನುಷ್ಯ. ಆ ಮನುಷ್ಯನ್ನ ನಂಬ್ಲೋ, ತನಗಿಲ್ಲದ ಮನೆ ಯಾರಿಗೂ ಬೇಡ ಅಂತ ಓಡಿಬಂದಿರೋ ಈ ಮನುಷ್ಯನ್ನ ನಂಬ್ಲೋ?”

ನನಗೆ ತಡೆಯಲಿಲ್ಲ. “ನಾನೇ ಕಣ್ಣಾರೆ ಕಂಡಿದೀನಿ ಸ್ವಾಮಿ” ಅಂದೆ.

“ನೀನು ಸುಮ್ನಿರು ಹನೋರಾ. ಡಾಕ್ಟ್ರು ಹೇಳಿದ್ರೆ ಕುದುರೆ ಮೊಟ್ಟೆ ಇಡ್ತು ಅಂತಲೂ ಸಾಕ್ಷಿ ಹೇಳೋಳು ನೀನು! ಎರಡು ಕೈ ಸುಣ್ಣ ಹೊಡೆಸ್ತೀನಿ, ಸಾಕು. ಅಪ್ಪಣೆ ಇಲ್ದೆ ಯಾರಾದ್ರೂ ಆ ಮನೆ ಮುಟ್ಟಿದ್ರೆ, ಪದಕ ಇರಲಿ ಕಿರೀಟ ಇರಲಿ, ಕೈಗೆ ಕೋಳ.”

ಬಾಗಿಲು ದಾಟುವಾಗ ನನ್ನನ್ನು ತಿರುಗಿ ಕರೆದರು. ದನಿ ತಗ್ಗಿತ್ತು. “ಆ ಮಗು ತಾಯಿ ಬರೆದು ಕಳಿಸ್ಲಿ. ಮಗುನ ಉಳಿಸ್ಲಿಲ್ಲ ಅಂತ ಗಂಡನ ಮೇಲೆ ಮುನಿಸ್ಕೊಂಡು ತೌರಿಗೆ ಹೋದೋಳು ಅವನಿಗೋಸ್ಕರ ಸುಳ್ಳು ಹೇಳಲ್ಲ. ಆಗ ನಾನೇ ಬೆಂಕಿ ಹಾಕಿಸ್ತೀನಿ.”

ಕೇಳಿಸಿತೇ? ಈಗ ಎಲ್ಲ ನಿನ್ನ ಕೈಯಲ್ಲಿದೆ.

ಆ ಸುಳ್ಳು ಹುಟ್ಟಿದ್ದು ಯಾರಿಗಾಗಿ? ನೀನೇ ಡಾಕ್ಟರ ಕಾಲು ಕಟ್ಟಿಕೊಂಡು, “ತೋಳ ಕೆದರೋ ಈ ನೆಲದಲ್ಲಿ ನನ್ನ ಎಫಿನ ಬಿಟ್ಟು ಹೋಗಲ್ಲ, ನಮ್ಮೂರಿಗೆ ಕಳಿಸಿ” ಎಂದು ಅತ್ತದ್ದು. ಗಂಟಲುಮಾರಿ ಹೆಣವನ್ನು ರೈಲಿನವರು ಹತ್ತಿಸಿಕೊಳ್ಳುವುದಿಲ್ಲ. ಅದಕ್ಕೆ ಆ ಮನುಷ್ಯ ಹೃದಯದ ನೆಪ ಹೇಳಿದರು. ಕಣಿವೆಯಲ್ಲಿ ಅಪಾಚೆ ಬುಡಕಟ್ಟಿನವರ ಗುಂಡಿನ ಕೆಳಗೆ ತೆವಳಿ ಗಾಯಾಳುಗಳನ್ನು ಎಳೆದು ತಂದವರು. ಸೆರೆಸಿಕ್ಕ ಅಪಾಚೆ ಹೆಂಗಸಿನ ಕಾಲಿನ ಗುಂಡನ್ನೂ ಅದೇ ಸಂಜೆ ತೆಗೆದು, ಮೇಲಿನವರಿಂದ ಬೈಸಿಕೊಂಡವರು. ಹೊಟ್ಟೆನೋವೆಂದು ನಟಿಸುವ ಸಿಪಾಯಿಗೂ “ನಿನಗೇನೂ ಆಗಿಲ್ಲ ಕಣೋ, ಎದ್ದು ಹೋಗು” ಎಂದು ಇದ್ದದ್ದನ್ನೇ ಹೇಳುವವರು. ಅಂಥವರ ಸುಳ್ಳನ್ನು ಯಾರೂ ಅನುಮಾನಿಸಲಿಲ್ಲ. ಈಗ ನಿಜ ಹೇಳಿದರೆ ಯಾರೂ ನಂಬುತ್ತಿಲ್ಲ.

ನಿನ್ನ ಭಯ ನನಗೆ ಅರ್ಥವಾಗದ್ದೇನಲ್ಲ. ನಿನ್ನ ತಾಯಿ ಎಫಿಯ ಶವಪೆಟ್ಟಿಗೆಯನ್ನು ನಡುಮನೆಯಲ್ಲಿ ಇರಿಸಿ ಊರವರನ್ನೆಲ್ಲ ಕರೆದರಂತೆ. ನಿಜ ಹೊರಬಿದ್ದರೆ ಊರು ನಿಮ್ಮ ಮುಖಕ್ಕೆ ಉಗಿಯುತ್ತದೆ. ಉಗಿಯಲಿ, ಒರೆಸಿಕೋ. ಪ್ರೂಡನ್ನರ ಮಕ್ಕಳನ್ನು ನಾನು ನೋಡಿಲ್ಲ, ನೀನೂ ನೋಡಿಲ್ಲ. ಕಿರಿಯವಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲವಂತೆ.

ಡಾಕ್ಟರ ಸಂಗತಿ ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ಹಗಲಲ್ಲಿ ಬಿಡುವಾದರೆ ಆ ಮನೆಗೆ ಹೋಗಿ ಚಾಕುವಿನಿಂದ ಗೋಡೆಯ ಮಣ್ಣು ಕೆರೆಯುತ್ತಾರೆ. ಉಗುರೆಲ್ಲ ಒಡೆದಿವೆ. “ಏನ್ ಡಾಕ್ಟ್ರೇ ಇದು?” ಅಂದರೆ, “ಇನ್ನೂ ಒಳಗಿದೆ ನೋರಾ” ಅನ್ನುತ್ತಾರೆ, ಮತ್ತೆ ಕೆರೆಯುತ್ತಾರೆ. ಸಿಪಾಯಿಗಳು ಆ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದಾರೆ. ನಿನ್ನ ಮೇಲೆ ಒಂದು ಮಾತು ಆಡಿಲ್ಲ. ಆಡಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಹೆಚ್ಚೇನೂ ಬೇಡ. ‘ನನ್ನ ಮಗಳು ಗಂಟಲುಮಾರಿಯಿಂದ ಸತ್ತಳು, ಸುಳ್ಳು ಹೇಳಿಸಿದವಳು ನಾನು’ ಎಂದು ಕರ್ನಲ್ ಹೆಸರಿಗೆ ಬರೆದು ರುಜು ಹಾಕು. ಅಳುತ್ತಲೇ ಬರೆ, ನನಗೇನು. ಅಕ್ಟೋಬರ್ ಇಪ್ಪತ್ತರೊಳಗೆ ಆ ಉತ್ತರ ಇಲ್ಲಿರಬೇಕು.

ಇಂತಿ,
ಹನೋರಾ ಕ್ವಿಲ್ಟಿ

ತಾ.ಕ.: ಅಂಟಿಸುವ ಮೊದಲೇ ಮತ್ತೆ ಬಿಚ್ಚಿದ್ದೇನೆ. ಮೇಜರ ಹೆಂಡತಿ ಗಂಡನಿಗಾಗಿ ಕಾಯದೆ, ಮಕ್ಕಳನ್ನು ಕರೆದುಕೊಂಡು ಮುಂಚೆಯೇ ಹೊರಟಿದ್ದಾರಂತೆ; ಬರುವ ವಾರವೇ ಇಲ್ಲಿರುತ್ತಾರೆ. ಇದು ಕೈಸೇರಿದ ಗಳಿಗೆಯಲ್ಲೇ ತಂತಿ ಕೊಡು. ತಂತಿಯ ಹುಡುಗ ಓದಿಕೊಂಡು ಇಡೀ ಕೋಟೆಗೆ ಸಾರಿದರೂ ಚಿಂತೆಯಿಲ್ಲ. ಡಾಕ್ಟರು ಈಗ ತಾನೇ ಬಂದಿದ್ದರು. ಸೀಮೆಎಣ್ಣೆ ಡಬ್ಬಿ ಎಲ್ಲಿದೆ ನೋರಾ ಎಂದು ಕೇಳಿದರು, ಆಸ್ಪತ್ರೆಯ ದೀಪಗಳಿಗೆ ಬೇಕಂತೆ. ಆ ದೀಪಗಳಿಗೆಲ್ಲ ಬೆಳಿಗ್ಗೆ ನಾನೇ ತುಂಬ ಎಣ್ಣೆ ಹೊಯ್ದಿದ್ದೇನೆ.