ಕೊಲೆಯಲ್ಲದ ನರಹತ್ಯೆ

ಮೂರನೆಯ ಮಹಡಿಯ ಹೊಸ ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ನನ್ನ ಮುದ್ದು ಅಕ್ಕಾ,

ನಿನ್ನ ಹಲ್ಲುನೋವು ಹೇಗಿದೆ? ಕೀಳಿಸಿದೆಯೋ, ಇನ್ನೂ ಲವಂಗ ಕಚ್ಚಿಕೊಂಡೇ ದಿನ ದೂಡುತ್ತಿದ್ದೀಯೋ? ಭಾವನವರು ಕ್ಷೇಮ ತಾನೇ? ನಾನು ತುಂಬ ತುಂಬ ಚೆನ್ನಾಗಿದ್ದೇನೆ. ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ! ಇವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅದೇ ಪೆನ್ಸಿಲಿಗಾಗಿ ಮನೆಯೆಲ್ಲ ತಡಕಾಡುತ್ತಾರೆ, ನನಗೆ ಬೇರೆ ಸಿನಿಮಾನೇ ಬೇಡ. ನಗಬೇಡ. ನನ್ನ ಕಾಗುಣಿತಕ್ಕೂ ನಗಬೇಡ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಇಷ್ಟಾದರೂ ಬರೆಯುತ್ತಿದ್ದೇನಲ್ಲ, ಅದೇ ನಿನ್ನ ಪುಣ್ಯ.

ಇವರ ಕೆಲಸ ನಿನಗೆ ಗೊತ್ತೇ ಇದೆ, ಕೋರ್ಟಿನ ತೀರ್ಪುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು. ಇವರು ಹೇಳಿದ್ದನ್ನು ಟೈಪ್ ಮಾಡುವವಳು ಟೈಪಿಸ್ಟ್ ಮೇಡಂ. ಮದುವೆಗೆ ಬಿಳಿ ಅಂಚಿನ ಎಲೆಗಳ ಗಿಡವನ್ನು ಕುಂಡದ ಸಮೇತ ಹೊತ್ತು ತಂದಳಲ್ಲ, ಅವಳೇ. ಸಂಜೆ ಶೂ ಬಿಚ್ಚುವ ಮೊದಲೇ ಇವರದು ಶುರು: ‘ಮೇಡಂ ಇವತ್ತು ಎಂಥಾ ಪದ ಹುಡುಕಿದ್ರು ಗೊತ್ತಾ?’ ನನಗೆ ಹೊಟ್ಟೆಯಲ್ಲಿ ಒಲೆ ಹಚ್ಚಿದ ಹಾಗಾಗುತ್ತದೆ. ಒಂದು ಸಂಜೆ ಕತ್ತು ಹಿಡಿದುಕೊಂಡು ಬಂದು, ‘ದಿನವೆಲ್ಲ ನರಹತ್ಯೆ, ಸಾಕಾಗೋಯ್ತು’ ಎಂದರು. ನಾನು ಓಡಿಹೋಗಿ ನೋವಿನ ಎಣ್ಣೆ ತಂದೆ. ನನಗೆ ಗೊತ್ತಿದ್ದ ನರ ಕತ್ತಿನಲ್ಲಿ, ಕಾಲಿನಲ್ಲಿ ಇರುವಂಥದ್ದು. ಅಜ್ಜಿ ಸೋಮಾರಿಗಳನ್ನೆಲ್ಲ ‘ನರಸತ್ತವನೇ’ ಎಂದು ಬೈಯುತ್ತಿರಲಿಲ್ಲವೇ? ‘ಯಾವ ನರ ಸತ್ತಿದ್ದು, ಎಡಗಡೆದಾ ಬಲಗಡೆದಾ?’ ಎಂದು ಕೇಳಿದೆ. ಇವರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ನರ ಅಂದರೆ ಮನುಷ್ಯನಂತೆ. ಮನುಷ್ಯ ಮನುಷ್ಯನನ್ನು ಹೇಗೆ ಕೊಂದರೂ, ತನ್ನ ಜೀವ ಉಳಿಸಿಕೊಳ್ಳಲು ಕೊಂದರೂ, ಅದು ನರಹತ್ಯೆಯಂತೆ. ನಾನೂ ನಕ್ಕೆ. ಮರುದಿನ ಬಂದು ಹೇಳುತ್ತಾರೆ, ‘ಮೇಡಂಗೆ ಹೇಳ್ದೆ, ಬಿದ್ದು ಬಿದ್ದು ನಕ್ರು!’ ಅದು ನಮ್ಮಿಬ್ಬರ ನಗು, ಅಕ್ಕಾ. ಅದನ್ನು ಒಯ್ದು ಅವಳ ಮೇಜಿನ ಮೇಲೆ ಇಟ್ಟುಬಂದಿದ್ದರು.

ಕಳೆದ ಗುರುವಾರ ಬಟ್ಟೆ ನೆನೆಸುವಾಗ ಇವರ ಶರ್ಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಮುತ್ತಿನಂಥ ದುಂಡನೆಯ ಅಕ್ಷರ. ಇವರದು ಕೋಳಿ ಕೆದಕಿದ ಹಾಗಿರುತ್ತದೆ. ‘ಉದ್ದೇಶ ಇರಲಿಲ್ಲ. ಹೀಗಾಗಬಹುದೆಂಬ ತಿಳಿವು ಮಾತ್ರ ಇತ್ತು. ಇದನ್ನು ಏನೆಂದು ಕರೆಯೋಣ?’ ನೀನೇ ಹೇಳು, ಇದನ್ನು ಓದಿದ ಮೇಲೆ ಯಾವ ಹೆಂಡತಿ ಸೋಪಿನ ಪುಡಿ ಕಲಸುತ್ತ ಕೂರುತ್ತಾಳೆ?

ಶುಕ್ರವಾರ ಊಟದ ಡಬ್ಬಿಯ ನೆಪ ಮಾಡಿಕೊಂಡು ಆಫೀಸಿಗೆ ಹೋದೆ. ಕಿಟಕಿಯಿಲ್ಲದ ಕೋಣೆ, ಸೂರಿನವರೆಗೂ ಕಡತ, ಎದುರುಬದುರು ಎರಡು ಮೇಜು. ಎದುರುಬದುರು! ಡಬ್ಬಿಯ ಪಕ್ಕ ಚೀಟಿಯನ್ನು ಇಟ್ಟು ಇಬ್ಬರ ಮುಖವನ್ನೂ ನೋಡಿದೆ. ಅವಳು ಎದ್ದೇ ನಿಂತಳು. ‘ಸಾರ್, ಚೀಟಿ ಸಿಕ್ತು! ನಿಮ್ಮ ಮನೆಯವರೇ ತಂದಿದ್ದಾರೆ!’ ಎರಡು ದಿನದಿಂದ ಹುಡುಕುತ್ತಿದ್ದರಂತೆ. ನನ್ನನ್ನು ಕೂರಿಸಿ ಅವಳೇ ಬಿಡಿಸಿ ಹೇಳಿದಳು: ‘ಒಬ್ಬ ಮಹಡಿಯಿಂದ ಬೀದಿಗೆ ಕಲ್ಲು ಎಸೆದ. ಯಾರನ್ನೂ ಸಾಯಿಸಬೇಕು ಅಂತಲ್ಲ, ಆದ್ರೆ ಯಾರಾದ್ರೂ ಸಾಯಬಹುದು ಅಂತ ಗೊತ್ತಿತ್ತು. ಅದನ್ನ ಕೊಲೆ ಅಂತ ಬರೆದ್ರೆ ತಪ್ಪಾಗತ್ತೆ. ಕೊಲೆ ಎಲ್ಲಾ ನರಹತ್ಯೆನೇ, ನರಹತ್ಯೆ ಎಲ್ಲಾ ಕೊಲೆ ಅಲ್ಲ.’ ಕೊನೆಗೆ ಅವಳೇ ಕೊಟ್ಟ ಹೆಸರು, ಕೊಲೆಯಲ್ಲದ ನರಹತ್ಯೆ. ಆಗ ಇವರು ಅವಳ ಕಡೆ ನೋಡಿದರು, ಮೇಷ್ಟ್ರು ಜಾಣ ಹುಡುಗಿಯನ್ನು ನೋಡುವ ಹಾಗೆ. ಪ್ರೇಮವಲ್ಲ ಬಿಡು, ಅಷ್ಟು ನನಗೂ ತಿಳಿಯುತ್ತದೆ. ಆದರೆ ನನ್ನನ್ನು ಮುದ್ದಾಗಿ ನೋಡುತ್ತಾರೆ, ಹಾಗೆ ಒಂದು ದಿನವೂ ನೋಡಿಲ್ಲ. ನನಗೆ ಅದೂ ಬೇಕು!

ಹೊರಡುವಾಗ ಅವಳು ಕೇಳಿದಳು, ‘ನನ್ನ ಗಿಡ ಹೇಗಿದೆ?’ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ‘ಚೆನ್ನಾಗಿದೆ, ಹತ್ತೊಂಬತ್ತನೇ ತಾರೀಖು ಭಾನುವಾರ ಊಟಕ್ಕೆ ಬಂದು ನೀವೇ ನೋಡಿ’ ಎಂದುಬಿಟ್ಟೆ. ಗಿಡ ಎಲ್ಲಿದೆ? ಬರೀ ಕಡ್ಡಿ. ಇವರ ಕಣ್ಣಿಗೆ ಬೀಳದ ಹಾಗೆ ಬಟ್ಟೆ ಒಣಹಾಕುವ ಬಾಲ್ಕನಿಗೆ ಸಾಗಿಸಿದ್ದೇನೆ. ನಾನೇನೂ ಮಾಡಲಿಲ್ಲ, ನೀರು ಹಾಕಲು ಮರೆತೆ, ಅಷ್ಟೇ. ಹಾಕದಿದ್ದರೆ ಒಣಗುತ್ತದೆಂದು ಗೊತ್ತಿತ್ತು, ಉದ್ದೇಶವಿರಲಿಲ್ಲ. ನೋಡಿದೆಯಾ, ಕೊಲೆಯಲ್ಲದ ನರಹತ್ಯೆ! ಗಿಡಕ್ಕೆ ಹಾಗೆನ್ನುವುದಿಲ್ಲ ಎಂದು ತಿದ್ದಬೇಡ, ಎಲೆಯಲ್ಲೂ ನರ ಇರುತ್ತದೆ. ಶನಿವಾರದೊಳಗೆ ಅಂಥದೇ ಒಂದು ಗಿಡವನ್ನು ಬಸ್ಸಿನಲ್ಲಿ ಕಳಿಸಿಬಿಡು, ನನ್ನ ಬಂಗಾರ.

ಭಾವನವರಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು, ನಿನ್ನ ನೋಯುವ ಕೆನ್ನೆಗೆ ಮೆಲ್ಲಗೆ ಒಂದು.

ಇಂತಿ ನಿನ್ನ
ನರಸತ್ತ ತಂಗಿ

ತಾ.ಕ.: ಅಕ್ಕಾ, ಮೇಲೆ ಬರೆದದ್ದು ಸುಳ್ಳು. ಮರೆತದ್ದಲ್ಲ. ಚೀಟಿ ಸಿಕ್ಕ ಗುರುವಾರ ಟೀಗೆಂದು ಇಟ್ಟ ನೀರಿಗೆ ಬೇಕೆಂದೇ ಇನ್ನೆರಡು ಲೋಟ ಸೇರಿಸಿ, ಕೊತಕೊತ ಕುದಿಸಿ, ಗಿಡದ ಬುಡಕ್ಕೆ ಸುರಿದೆ. ಉದ್ದೇಶವೂ ಇತ್ತು, ತಿಳಿವೂ ಇತ್ತು. ಕೊಲೆಯೇ. ಗಿಡ ಕಳಿಸಬೇಡ. ಸಂಜೆ ಇವರು ಶೂ ಬಿಚ್ಚುವ ಮೊದಲೇ ಕುಂಡವನ್ನು ಮುಂದಿಟ್ಟು ಇದೇ ಪದಗಳಲ್ಲಿ ಹೇಳಿಬಿಡುತ್ತೇನೆ. ಬೈಯಲಿ, ನಗಲಿ, ಪದ ಸರಿಯಾಗಿದೆಯೆಂದು ಒಂದು ಸಲ ನನ್ನನ್ನೂ ಆ ಮೇಷ್ಟ್ರ ಹಾಗೆ ನೋಡಿದರೆ ಸಾಕು. ಆದರೆ ಈ ನಗುವನ್ನೂ ಒಯ್ದು ಅವಳಿಗೆ ಕೊಟ್ಟರೆ ಮಾತ್ರ, ನೀರು ಮತ್ತೆ ಒಲೆಯ ಮೇಲಿರುತ್ತದೆ!