ಗಾಳಿ ಹೋದರೂ ಓಡುವ ಟೈರು

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳು ನಿಮ್ಮ ಅಂಗಳದಲ್ಲಿ ನನ್ನ ಕಾರು ತಪಾಸಣೆಯಲ್ಲಿ ಅನುತ್ತೀರ್ಣವಾಯಿತು. ಆಗಲಿ, ಯಂತ್ರಕ್ಕೆ ಮಾನಾಪಮಾನವಿಲ್ಲ. ಆದರೆ ನಿಮ್ಮ ತಪಾಸಕರು ಕಾರಿನ ಜೊತೆಗೆ ನನ್ನನ್ನೂ ಅನುತ್ತೀರ್ಣಗೊಳಿಸಿದರು, ಅದೂ ಸರದಿಯಲ್ಲಿ ನಿಂತಿದ್ದ ಹತ್ತು ಮಂದಿಯ ಎದುರಿಗೆ. ನನ್ನ ದೂರು ಅದರ ಬಗ್ಗೆ.

ನಾನು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಿವಿ ಪರೀಕ್ಷಿಸುವವಳು. ಇಪ್ಪತ್ತು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಅಕ್ಕ ಕೂತಿರುತ್ತಿದ್ದಳು. ಮಕ್ಕಳ ಹೆಸರು ಬರೆದುಕೊಳ್ಳುವುದು, ಅಳುವವರನ್ನು ರಮಿಸುವುದು ಅವಳ ಕೆಲಸ. ಟೈರು ಪಂಕ್ಚರ್ ಆದರೆ ಬದಲಿಸುವವಳೂ ಅವಳೇ. ನಾನು ನಟ್ಟುಗಳನ್ನು ಬೊಗಸೆಯಲ್ಲಿ ಹಿಡಿದು ನಿಲ್ಲುತ್ತಿದ್ದೆ. "ಒಂದ್ ನಟ್ಟು ಕಳೆದ್ರೂ ನಿನ್ನ ಇಲ್ಲೇ ಬಿಟ್ಟು ಹೋಗ್ತೀನಿ ನೋಡು" ಎಂದು ಹೆದರಿಸುತ್ತಿದ್ದಳು. ನಟ್ಟು ಒಂದೂ ಕಳೆಯಲಿಲ್ಲ, ಆದರೂ ಹೋದಳು. ಐವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾಗಿ ದೂರದ ಊರು ಸೇರಿದಳು. ಸುಖವಾಗಿದ್ದಾಳೆ. ಅಕ್ಕ ಸುಖವಾಗಿದ್ದಾಳೆಂದು ದೂರು ಕೊಡಲು ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಸಿಗುವುದಿಲ್ಲ, ನಾನು ವಿಚಾರಿಸಿಯೂ ಇಲ್ಲ.

ಅವಳು ಹೋದ ನಾಲ್ಕನೆಯ ತಿಂಗಳು, ಮಟಮಟ ಮಧ್ಯಾಹ್ನ, ಮನೆಗಳೇ ಇಲ್ಲದ ರಸ್ತೆಯಲ್ಲಿ ನನ್ನ ಹಿಂದಿನ ಟೈರು ಒಡೆಯಿತು. ಸ್ಪ್ಯಾನರ್ ಹಾಕಿ ತಿರುವಿದೆ. ಅಂಗೈ ಕೆಂಪಾಯಿತೇ ಹೊರತು ನಟ್ಟು ಅಲ್ಲಾಡಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಅವಳ ಹಿಂದೆ ತಟ್ಟೆಗಳ ಸದ್ದು, ಯಾರೋ ನಗುತ್ತಿದ್ದರು.

"ಏನಾದ್ರೂ ಆಯ್ತೇನೇ?"

"ಏನಿಲ್ಲ, ಸುಮ್ನೆ ಮಾಡ್ದೆ."

"ಊಟಕ್ಕೆ ಕೂತಿದೀವಿ ಕಣೇ, ಆಮೇಲೆ ಮಾಡ್ತೀನಿ."

ಎರಡೂವರೆ ಗಂಟೆಯ ಮೇಲೆ ಹಾಲಿನ ವ್ಯಾನಿನ ಚಾಲಕನೊಬ್ಬ ನಿಲ್ಲಿಸಿ, ಹತ್ತು ನಿಮಿಷದಲ್ಲಿ ಟೈರು ಬದಲಿಸಿ ಹೊರಟುಹೋದ. ನಾನು ತಲುಪುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ಹೇಳಿದ ಮಾತು ಕೇಳದ ತುಂಟಿ ಎಂದು ದಿನವೂ ತರಗತಿಯ ಮೂಲೆಯಲ್ಲಿ ನಿಲ್ಲಬೇಕಾಗಿದ್ದ ಹುಡುಗಿಯೊಬ್ಬಳು ಆ ಶಾಲೆಯಲ್ಲಿದ್ದಳು. ಅವಳ ಎಡಗಿವಿ ಕೇಳಿಸುತ್ತಿಲ್ಲವೆಂದು ನನಗೆ ಗೊತ್ತಾದದ್ದು ಆ ಶಾಲೆಗೆ ಮತ್ತೆ ಸರದಿ ಬಂದಾಗ, ಆರು ವಾರ ತಡವಾಗಿ. ಆ ಆರು ವಾರವೂ ಅವಳು ಮೂಲೆಯಲ್ಲೇ ನಿಂತಿದ್ದಳು.

ಆಗ ನಾನು ರನ್-ಫ್ಲಾಟ್ ಟೈರು ಹಾಕಿಸಲು ಹೊರಟೆ. ಗಾಳಿ ಪೂರ್ತಿ ಹೋದರೂ, ನಿಧಾನವಾಗಿ ಓಡಿಸಿದರೆ, ಎಂಬತ್ತು ಕಿಲೋಮೀಟರ್ ಸಾಗಬಲ್ಲ ಟೈರು. ಟೈರ್ ಅಂಗಡಿಯವರು ಬೇಡವೆಂದೇ ಹೇಳಿದರು. "ಮೇಡಂ, ನಿಮ್ಮದು ಸಾದಾ ಗಾಡಿ, ಇದಕ್ಕೆ ಅಂತ ಮಾಡಿದ್ದಲ್ಲ. ಈ ಟೈರಿನ ಪಕ್ಕೆ ಗಟ್ಟಿ, ಗುಂಡಿಗೆ ಬಿದ್ರೆ ನಿಮ್ಮ ಸೊಂಟಕ್ಕೇ ಹೊಡೆಯುತ್ತೆ. ಗಾಳಿ ಹೋಗಿದ್ದೂ ಗೊತ್ತಾಗಲ್ಲ."

"ದಾರಿ ಮಧ್ಯೆ ನಿಲ್ಲಲ್ಲ ಅಲ್ವಾ? ಅಷ್ಟು ಸಾಕು," ಎಂದೆ. ಸ್ಟೆಪ್ನಿ ತೆಗೆಸಿ ಆ ಜಾಗದಲ್ಲಿ ಕಿವಿ ಪರೀಕ್ಷಿಸುವ ನನ್ನ ಯಂತ್ರದ ಪೆಟ್ಟಿಗೆ ಇಟ್ಟುಕೊಂಡೆ.

ನಿಮ್ಮ ತಪಾಸಕರು ಡಿಕ್ಕಿ ತೆರೆದು, ಸ್ಟೆಪ್ನಿ ಎಲ್ಲಿ ಎಂದರು. ಗಾಳಿ ಇಳಿದರೆ ತಿಳಿಸುವ ಸಾಧನ ಎಲ್ಲಿ ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಈ ಟೈರು ಯಾಕೆ ಎಂದು ಕೇಳಿದಾಗ ನಿಜವನ್ನೇ ಹೇಳಿದೆ: ರಸ್ತೆಯಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಳ್ಳಬಾರದೆಂದು. ಅವರು ನಕ್ಕರು.

"ಪಂಕ್ಚರ್ ಆದ್ರೆ ಮನೆಗೊಂದು ಫೋನ್ ಮಾಡಿದ್ರಾಯ್ತಲ್ಲಮ್ಮ. ಯಾಕೆ, ಮನೇಲಿ ಯಾರೂ ಇಲ್ವಾ?"

ಹಿಂದಿನ ಕಾರಿನವರು ತಲೆ ಹೊರಹಾಕಿ ನೋಡಿದರು.

"ಇದಾರೆ" ಎಂದೆ.

ಸರ್ಕಾರಿ ಸಿಬ್ಬಂದಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಮನೆಗೆ ಬಂದು ಬೀಗ ತೆಗೆಯುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಾರಿಗೆ ನಾಚಿದೆನೋ? ಒಳಗೆ ಯಾರೂ ಇರಲಿಲ್ಲ.

ಸಿಟ್ಟಿನಲ್ಲಿ ಮರುದಿನವೇ ಟೈರ್ ಅಂಗಡಿಗೆ ಹೋದೆ. ನಿಮ್ಮ ಕಚೇರಿಯ ಮುಖಕ್ಕೆ ಹಿಡಿಯಲು, ಈ ಟೈರು ಸುರಕ್ಷಿತ ಎಂಬ ಪತ್ರ ಬೇಕಿತ್ತು. ಅಂಗಡಿಯವರು ಪತ್ರ ಬರೆಯಲಿಲ್ಲ. ನನ್ನನ್ನು ಒಳಗೆ ಕೂರಿಸಿ ಹೊರಗೆ ಏನೋ ಮಾಡಿ ಬಂದರು. "ಒಂದು ಟೈರಿನ ಗಾಳಿ ಬಿಟ್ಟಿದೀನಿ. ಒಂದು ಸುತ್ತು ಹೋಗಿ ಬಂದು ಯಾವುದು ಅಂತ ಹೇಳಿ."

ನಿಧಾನವಾಗಿ ಮೂರು ಸುತ್ತು ಹೋದೆ. "ನೀವು ಯಾವುದರದ್ದೂ ಬಿಟ್ಟಿಲ್ಲ" ಎಂದೆ. ಅವರು ಹಿಂದಿನ ಬಲ ಟೈರಿಗೆ ಮಾಪಕ ಒತ್ತಿದರು. ಮುಳ್ಳು ಸೊನ್ನೆಯಲ್ಲಿತ್ತು. ಮಕ್ಕಳಿಗೆ ಕೇಳಿಸದ ಸದ್ದುಗಳನ್ನು ಹುಡುಕಿ ಹೊಟ್ಟೆ ಹೊರೆಯುವ ನನಗೆ, ನನ್ನ ಕೆಳಗಿನ ಟೈರೇ ಖಾಲಿಯಾಗಿದ್ದು ತಿಳಿಯಲಿಲ್ಲ. ಹಾಗೆಯೇ ಹೆದ್ದಾರಿಯಲ್ಲಿ ವೇಗವಾಗಿ ಹೋಗಿದ್ದರೆ?

ಹಾಗಾಗಿ ಒಪ್ಪಿಕೊಳ್ಳುತ್ತೇನೆ: ಟೈರಿನ ವಿಷಯದಲ್ಲಿ ನಿಮ್ಮ ಕಚೇರಿ ಸರಿ. ಅಂಗಡಿಯವರು ನನಗೆ ಉದ್ದ ಹಿಡಿಯ ಸ್ಪ್ಯಾನರ್ ಕೊಟ್ಟು, "ಕೈಯಲ್ಲಲ್ಲ, ಅದರ ಮೇಲೆ ಕಾಲಿಟ್ಟು ನಿಮ್ಮ ಭಾರ ಹಾಕಿ" ಎಂದರು. ಹಾಕಿದೆ. ನಟ್ಟು ಕಿರ್ ಎಂದು ಸಡಿಲವಾಯಿತು. ಅಂದು ಐದು ಸಲ ಚಕ್ರ ಬಿಚ್ಚಿ ಹಾಕಿದೆ. ಇಷ್ಟು ಸಣ್ಣ ಉಪಾಯವನ್ನು ನಿಮ್ಮ ಅಂಗಳದಲ್ಲಿ ಒಬ್ಬರಾದರೂ ಹೇಳಿಕೊಡಬಾರದಿತ್ತೇ? ನಗುವುದಕ್ಕೆ ಹಿಡಿದಷ್ಟೇ ಸಮಯ ಅದಕ್ಕೂ ಸಾಕಾಗುತ್ತಿತ್ತು.

ಚಾಲಕರ ಮನೆಯಲ್ಲಿ ಯಾರಿದ್ದಾರೆಂದು ಕೇಳುವ ಅಧಿಕಾರ ಯಾವ ನಿಯಮದಲ್ಲಿದೆಯೋ ದಯವಿಟ್ಟು ತೋರಿಸಿ. ಇಲ್ಲವಾದರೆ ಆ ಪ್ರಶ್ನೆಯನ್ನು ನಿಲ್ಲಿಸಿ. ತಿಂಗಳಿಗೊಂದು ಬೆಳಿಗ್ಗೆ, ಬಂದವರಿಗೆಲ್ಲ ಚಕ್ರ ಬದಲಿಸುವುದನ್ನು ಕಲಿಸಿ. ಒಬ್ಬರೇ ಓಡಾಡುವವರು ನೀವಂದುಕೊಂಡದ್ದಕ್ಕಿಂತ ಹೆಚ್ಚು ಮಂದಿ ಇದ್ದೇವೆ.

ಬರುವ ಗುರುವಾರ ಮರುತಪಾಸಣೆಗೆ ಬರುತ್ತೇನೆ. ಸಾದಾ ಟೈರು ನಾಲ್ಕು, ಡಿಕ್ಕಿಯಲ್ಲಿ ಐದನೆಯದು. ಅದೇ ತಪಾಸಕರು ಇದ್ದು ಅದೇ ಪ್ರಶ್ನೆ ಕೇಳಿದರೆ, ಈ ಸಲ ಯಾರೂ ಇಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅದನ್ನು ಯಾವ ಕಾಲಮಿನಲ್ಲಿ ಬರೆದುಕೊಳ್ಳುತ್ತೀರೋ ನೀವೇ ತೀರ್ಮಾನಿಸಿ.

ಇಂತಿ,
ಗಾಡಿ ಸರಿಪಡಿಸಿಕೊಂಡ, ಮಿಕ್ಕಿದ್ದನ್ನು ಹಾಗೇ ಓಡಿಸುತ್ತಿರುವ
ಒಬ್ಬ ಚಾಲಕಿ